ಗೋಣಿ ಬಟ್ಟೆ, ಪ್ಲಾಸ್ಟರ್ ಮತ್ತು ಮೂರು ಸಾವಿರ ಸೀಟಿನ ಅರಮನೆ

(ಬ್ರಿಟನ್ನಿನ ಹಳೆಯ ಚಿತ್ರಮಂದಿರಗಳ ಬಗ್ಗೆ ಲಂಡನ್ನಿನಲ್ಲಿ ಕನ್ನಡದವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಹೆಚ್ಚುಕಡಿಮೆ ಆಡಿದಂತೆಯೇ ಬರೆದಿದ್ದೇನೆ. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದಕ್ಷಿಣ ಲಂಡನ್ನಿನ ಟೂಟಿಂಗ್‌ಗೆ ನಾನು ಮೊದಲ ಸಲ ಹೋಗಿದ್ದು ದೋಸೆಗಾಗಿ. ನಿಮ್ಮಲ್ಲೂ ಸುಮಾರು ಜನ ಅದಕ್ಕೇ ಹೋಗಿರುತ್ತೀರಿ. ಟೂಟಿಂಗ್ ಬ್ರಾಡ್‌ವೇ ಸ್ಟೇಷನ್ನಿನಿಂದ ಹೊರಗೆ ಬಂದು ಮಿಚಮ್ ರಸ್ತೆ ಹಿಡಿದು ಸ್ವಲ್ಪ ನಡೆದರೆ, ಅಂಗಡಿ ಸಾಲಿನ ನಡುವೆ ಎತ್ತರದ ಕಂಬಗಳ ಒಂದು ಬಿಳಿ ಕಟ್ಟಡ ಕಾಣುತ್ತದೆ. ಮೇಲೆ ಬಿಂಗೊ ಅಂತ ಬೋರ್ಡು, ನಮ್ಮ ಹೌಸಿಯಂಥ ನಂಬರ್ ಆಟ. ಅದರ ಮುಂದೆ ನಾನು ಎಷ್ಟೋ ಸಲ ಹಾದುಹೋಗಿದ್ದೆ. ಒಳಗೆ ಏನಿದೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಒಂದು ಮಧ್ಯಾಹ್ನ ಮಳೆ ಜೋರಾಗಿ ಹಿಡಿಯಿತು, ಬಾಗಿಲ ಹತ್ತಿರ ನಿಂತೆ. ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು 'ಯಾಕೆ ನೆನೀತೀರಿ, ಒಳಗೆ ಬಂದು ನೋಡಿ' ಅಂದರು. ಹೋದೆ. ಅವತ್ತಿನಿಂದ ಹಿಡಿದ ಹುಚ್ಚು ಇವತ್ತು ನನ್ನನ್ನು ನಿಮ್ಮ ಮುಂದೆ ನಿಲ್ಲಿಸಿದೆ.

ಒಳಗೆ ಕಾಲಿಟ್ಟ ಕೂಡಲೇ ಒಂದು ಹಳೆಯ ಕೋಟೆಯ ಪಡಸಾಲೆ. ಮೇಲೆ ದಪ್ಪ ತೊಲೆಗಳು, ಎತ್ತರದಲ್ಲಿ ಒಂದು ಗ್ಯಾಲರಿ, ಹಿಂದೆ ರಾಜರ ಮನೆಗಳಲ್ಲಿ ಹಾಡುಗಾರರು ಕೂರುತ್ತಿದ್ದರಲ್ಲ, ಅಂಥದ್ದು. ಮೆಟ್ಟಿಲು ಹತ್ತಿದರೆ ಉದ್ದಕ್ಕೂ ಕನ್ನಡಿಗಳ ಒಂದು ಓಣಿ. ಎರಡೂ ಕಡೆ ಚೂಪು ಕಮಾನುಗಳು, ಪ್ರತಿ ಕಮಾನಿಗೂ ಕನ್ನಡಿ. ಎದುರುಬದುರು ಕನ್ನಡಿ ಇಟ್ಟರೆ ಏನಾಗುತ್ತದೆ ಗೊತ್ತಲ್ವಾ? ಕಮಾನಿನ ಒಳಗೆ ಕಮಾನು, ಅದರೊಳಗೆ ಇನ್ನೊಂದು, ಲೆಕ್ಕವೇ ಸಿಗುವುದಿಲ್ಲ. ಆ ಓಣಿ ದಾಟಿ ಬಾಲ್ಕನಿಗೆ ಬಂದು ನಿಂತರೆ ಕೆಳಗೆ ಇಡೀ ಸಭಾಂಗಣ ಬಾಯಿ ತೆರೆದುಕೊಂಡಿರುತ್ತದೆ. ಯುರೋಪಿನ ಯಾವುದೋ ಗೋಥಿಕ್ ಚರ್ಚಿನ ಒಳಗೆ ಇದ್ದ ಹಾಗೆ. ಗೋಡೆಯ ಗೂಡುಗಳಲ್ಲಿ ಮಧ್ಯಯುಗದ ಉಡುಗೆ ತೊಟ್ಟ ಹೆಂಗಸರ, ಹಾಡುಗಾರರ ಚಿತ್ರಗಳು. ಅದರ ಕೆಳಗೆ ಜನ ಕೂತು ಬಿಂಗೊ ನಂಬರ್ ಗುರುತು ಹಾಕಿಕೊಳ್ಳುತ್ತಿದ್ದರು.

ಇದು ಗ್ರನಾಡಾ ಚಿತ್ರಮಂದಿರ. 1931ರ ಸೆಪ್ಟೆಂಬರ್ 7ರಂದು ತೆರೆಯಿತು. ಮೂರು ಸಾವಿರಕ್ಕೂ ಜಾಸ್ತಿ ಸೀಟು. ಕಟ್ಟಿಸಿದವರು ಗ್ರನಾಡಾ ಚಿತ್ರಮಂದಿರಗಳ ಒಡೆಯ ಸಿಡ್ನಿ ಬರ್ನ್‌ಸ್ಟೀನ್. ಕಟ್ಟಡದ ನಕ್ಷೆ ಸೆಸಿಲ್ ಮೇಸಿ ಅವರದು. ಆದರೆ ಒಳಾಂಗಣ ಮಾಡಿದವರು ರಷ್ಯಾದಿಂದ ಬಂದ ನಾಟಕದ ನಿರ್ದೇಶಕ ಥಿಯೊಡೋರ್ ಕೊಮಿಸಾರ್ಜೆವ್‌ಸ್ಕಿ. ಈ ಒಂದು ಸಂಗತಿ ಗೊತ್ತಾದರೆ ಇಡೀ ಕಟ್ಟಡ ಅರ್ಥವಾಗುತ್ತದೆ. ಅವರು ಗೋಡೆ ಕಟ್ಟಲಿಲ್ಲ, ರಂಗಸಜ್ಜಿಕೆ ಮಾಡಿದರು. ಪ್ರೇಕ್ಷಕ ಬೀದಿಯಿಂದ ಸೀಟಿಗೆ ನಡೆದುಬರುವ ದಾರಿಯನ್ನೇ ಒಂದು ನಾಟಕದ ಹಾಗೆ ಅಂಕ ಅಂಕವಾಗಿ ಬಿಡಿಸಿದರು. ಮೊದಲು ಬೀದಿ, ಆಮೇಲೆ ಪಡಸಾಲೆ, ಆಮೇಲೆ ಕನ್ನಡಿ ಓಣಿ, ಕೊನೆಗೆ ಆ ದೊಡ್ಡ ಕತ್ತಲು. ಸಿನಿಮಾ ಶುರುವಾಗುವ ಹೊತ್ತಿಗೆ ನೀವಾಗಲೇ ಟೂಟಿಂಗ್ ಬಿಟ್ಟು ಬಹಳ ದೂರ ಬಂದಿರುತ್ತೀರಿ.

ಇಷ್ಟೆಲ್ಲ ಯಾರಿಗಾಗಿ? ಆರು ಪೆನ್ಸ್, ಒಂದು ಶಿಲ್ಲಿಂಗ್ ಕೊಟ್ಟು ಬರುವ ಕೂಲಿಯವರಿಗೆ, ಅಂಗಡಿಯಲ್ಲಿ ದುಡಿಯುವ ಹುಡುಗಿಯರಿಗೆ, ಎರಡು ಕೋಣೆಯ ಮನೆಯಲ್ಲಿ ಆರು ಜನ ಇರುವ ಸಂಸಾರಗಳಿಗೆ. ಈ ಮಾತನ್ನು ನಾನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ಕಾಲದ ಸಾಮಾನ್ಯ ಜನರಿಗೆ ಮೆತ್ತನೆಯ ಕುರ್ಚಿ, ಕಾಲ ಕೆಳಗೆ ರತ್ನಗಂಬಳಿ, ಬೆಚ್ಚಗಿನ ಗಾಳಿ, ಗಿಲೀಟಿನ ಕಂಬ ಇವೆಲ್ಲ ಒಟ್ಟಿಗೆ ಸಿಗುತ್ತಿದ್ದ ಒಂದೇ ಜಾಗ ಚಿತ್ರಮಂದಿರ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ರಿಟನ್ನಿನಲ್ಲಿ ಸಿನಿಮಾ ಮೊದಲು ಶುರುವಾಗಿದ್ದು ಜಾತ್ರೆಯ ಡೇರೆಗಳಲ್ಲಿ, ಬಾಡಿಗೆ ಅಂಗಡಿಗಳಲ್ಲಿ, ಸಂಗೀತದ ಹಾಲ್‌ಗಳಲ್ಲಿ. ನಮ್ಮ ಟೂರಿಂಗ್ ಟಾಕೀಸ್ ನೋಡಿದವರಿಗೆ ಆ ಕಾಲ ಕಣ್ಣಿಗೆ ಕಟ್ಟುತ್ತದೆ. ಆಗಿನ ಫಿಲಂ ನೈಟ್ರೇಟ್‌ನದು. ಅದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ. ಹಾಗಾಗಿ 1909ರಲ್ಲಿ ಒಂದು ಕಾನೂನು ಬಂತು. 1910ರ ಜನವರಿಯಿಂದ ಜಾರಿ. ಪ್ರೊಜೆಕ್ಟರ್ ಇಡುವ ಕೋಣೆ ಬೆಂಕಿ ತಡೆಯುವಂತಿರಬೇಕು, ಜನ ಕೂರುವ ಜಾಗದಿಂದ ಬೇರೆಯಾಗಿರಬೇಕು, ಕಟ್ಟಡಕ್ಕೆ ಲೈಸೆನ್ಸ್ ಬೇಕು. ಬಾಡಿಗೆ ಅಂಗಡಿಯಲ್ಲಿ ಇದನ್ನೆಲ್ಲ ಮಾಡೋದು ಹೇಗೆ? ಸಿನಿಮಾಕ್ಕೆಂದೇ ಕಟ್ಟಡ ಕಟ್ಟುವುದು ಆಗ ಜೋರಾಯಿತು. ಚಿತ್ರಮಂದಿರ ಅನ್ನುವ ಕಟ್ಟಡದ ಜಾತಿ ಬೆಳೆದದ್ದರ ಹಿಂದೆ ಸೌಂದರ್ಯಕ್ಕಿಂತ ಮೊದಲು ಬೆಂಕಿಯ ಭಯ ಇತ್ತು.

ಆ ಮೊದಲ ತಲೆಮಾರಿನವು ಕೆಲವು ಇನ್ನೂ ಇವೆ. ಬ್ರೈಟನ್ನಿನ ಡ್ಯೂಕ್ ಆಫ್ ಯಾರ್ಕ್ಸ್ 1910ರದು. ನಾಟಿಂಗ್ ಹಿಲ್‌ನ ಎಲೆಕ್ಟ್ರಿಕ್ 1911ರದು. 'ಎಲೆಕ್ಟ್ರಿಕ್' ಅಂತ ಹೆಸರಿಡುವುದೇ ಆಗ ದೊಡ್ಡ ಆಕರ್ಷಣೆ, ಸುತ್ತಲಿನ ಎಷ್ಟೋ ಮನೆಗಳಲ್ಲಿ ಇನ್ನೂ ಗ್ಯಾಸ್ ದೀಪವೇ ಇತ್ತು. ಸ್ಕಾಟ್ಲೆಂಡಿನ ಬೋನೆಸ್ ಊರಿನಲ್ಲಿ 1912ರ ಹಿಪ್ಪೊಡ್ರೋಮ್ ಇದೆ, ದುಂಡಗಿನ ಕಟ್ಟಡ. ಇವೆಲ್ಲ ಚಿಕ್ಕವು. ಬಾಗಿದ ಸೂರು, ಸಾಲು ಬೆಂಚು, ಮುಂದೊಂದು ತೆರೆ. ನನಗೆ ಇವುಗಳ ಮೇಲೂ ಪ್ರೀತಿ ಇದೆ. ಆದರೆ ಇವತ್ತಿನ ಮಾತು ದೊಡ್ಡವುಗಳದ್ದು.

ದೊಡ್ಡವು ಬಂದದ್ದು ಇಪ್ಪತ್ತರ ದಶಕದ ಕೊನೆಗೆ, ಮಾತಾಡುವ ಸಿನಿಮಾದ ಜೊತೆಗೆ. 'ಟಾಕೀಸ್' ಅಂತ ನಾವು ಇವತ್ತಿಗೂ ಅನ್ನುತ್ತೇವಲ್ಲ, ಆ ಮಾತು ಆಗಿನದೇ. ಎರಡು ಮೂರು ವರ್ಷದೊಳಗೆ ಲಂಡನ್ನಿನ ಸುತ್ತ ಎದ್ದದ್ದನ್ನು ನೋಡಿದರೆ ತಲೆ ತಿರುಗುತ್ತದೆ. ಫಿನ್ಸ್‌ಬರಿ ಪಾರ್ಕಿನ ಅಸ್ಟೋರಿಯಾ, 1930. ಮೊಗಸಾಲೆಯ ನಡುವೆ ಮೂರಿಶ್ ಶೈಲಿಯ, ಅಂದರೆ ಹಿಂದೆ ಸ್ಪೇನನ್ನು ಆಳಿದ ಮುಸ್ಲಿಮರ ಶೈಲಿಯ ಕಾರಂಜಿ, ಅದರಲ್ಲಿ ಬಂಗಾರದ ಬಣ್ಣದ ಮೀನು. ಒಳಗೆ ಹೋದರೆ ತೆರೆಯ ಸುತ್ತ ಸ್ಪೇನಿನ ಒಂದು ಊರೇ ನಿಂತಿದೆ, ಹಂಚಿನ ಮಾಡು, ಸಣ್ಣ ಕಿಟಕಿ, ಗೋಪುರ. ಮೇಲಿನ ಸೂರಿಗೆ ರಾತ್ರಿಯ ನೀಲಿ, ಅದರಲ್ಲಿ ಮಿನುಗುವ ನಕ್ಷತ್ರಗಳು. ಸಭಾಂಗಣವನ್ನು ಬಯಲಿನ ಹಾಗೆ ಕಾಣಿಸುವ ಈ ಶೈಲಿ ಅಮೆರಿಕದಿಂದ ಬಂದದ್ದು, ಇಂಥವನ್ನು 'ಅಟ್ಮಾಸ್ಫೆರಿಕ್' ಚಿತ್ರಮಂದಿರ ಅನ್ನುತ್ತಾರೆ. ಹೊರಗೆ ನವೆಂಬರಿನ ಮಂಜು, ಕಲ್ಲಿದ್ದಲ ಹೊಗೆ. ಒಳಗೆ ಸ್ಪೇನಿನ ಬೇಸಿಗೆ ರಾತ್ರಿ. ಹೊರಗಿನ ಗೋಡೆ ಮಾತ್ರ ತೀರಾ ಸಪ್ಪೆ. ಅದು ಬೇಕೆಂದೇ ಇತ್ತೋ, ದುಡ್ಡು ಉಳಿಸಲೋ, ಒಳಗೆ ಹೋದಾಗ ಆಗುವ ಬೆರಗಂತೂ ಅದರಿಂದ ದುಪ್ಪಟ್ಟಾಗುತ್ತದೆ.

ಅದೇ ವರ್ಷ ವಿಕ್ಟೋರಿಯಾ ಸ್ಟೇಷನ್ ಪಕ್ಕ ನ್ಯೂ ವಿಕ್ಟೋರಿಯಾ ತೆರೆಯಿತು. ವಾಮ್ಸ್‌ಲಿ ಲೂಯಿಸ್ ಅವರ ಕೆಲಸ. ಇಲ್ಲಿ ಸ್ಪೇನೂ ಇಲ್ಲ, ಗೋಥಿಕ್ಕೂ ಇಲ್ಲ, ಸಮುದ್ರದ ತಳ ಇದೆ. ಹಸಿರು ನೀಲಿ ಬೆಳಕು, ಚಿಪ್ಪಿನಂಥ ದೀಪಗಳು, ಮತ್ಸ್ಯಕನ್ಯೆಯ ಅರಮನೆ. ಹೊರಗೆ ಮಾತ್ರ ಅಡ್ಡ ಪಟ್ಟಿಗಳ ಸರಳ ಆಧುನಿಕ ಗೋಡೆ, ಎರಡು ಬೀದಿಗೂ ಒಂದೇ ಥರದ ಮುಖ. ಈಗ ಅದು ಅಪೊಲೊ ವಿಕ್ಟೋರಿಯಾ ಅನ್ನುವ ನಾಟಕಶಾಲೆ. ನಿಮ್ಮಲ್ಲಿ ಅಲ್ಲಿ ಮಕ್ಕಳ ಜೊತೆ ಹೋಗಿ ನಾಟಕ ನೋಡಿದವರು ಇರಬಹುದು. ಮುಂದಿನ ಸಲ ಹೋದಾಗ ವೇದಿಕೆ ಬಿಟ್ಟು ಗೋಡೆಗಳನ್ನೂ ಸ್ವಲ್ಪ ನೋಡಿ.

ಜಾರ್ಜ್ ಕೋಲ್ಸ್ ಅಂತ ಒಬ್ಬರಿದ್ದರು. ಅವರ ವಿಷಯ ಹೇಳದೆ ಹೋಗುವುದಕ್ಕೆ ಆಗುವುದಿಲ್ಲ. ಎಸೆಕ್ಸ್ ರಸ್ತೆಯಲ್ಲಿ ಅವರು ಕಾರ್ಲ್‌ಟನ್ ಕಟ್ಟಿದರು, ಅದರ ಮುಖ ಪೂರ್ತಿ ಈಜಿಪ್ಟಿನದು. ಗೋಡೆಗೆ ಹಚ್ಚಿದ ಬಣ್ಣಬಣ್ಣದ ಹೆಂಚು (ಟೈಲ್ಸ್), ಕಮಲದ ಬೋದಿಗೆಯ ಕಂಬಗಳು. 1922ರಲ್ಲಿ ಟುಟಂಕಾಮನ್ ಸಮಾಧಿ ಸಿಕ್ಕಿದ ಮೇಲೆ ಈಜಿಪ್ಟಿನ ಹುಚ್ಚು ಎಲ್ಲ ಕಡೆ ಹಬ್ಬಿತ್ತು. ಅದೇ ಮನುಷ್ಯ ಸೌತಾಲ್‌ನಲ್ಲಿ ಚೀನೀ ಪಗೋಡ ಕಟ್ಟಿದರು, ಕಿಲ್ಬರ್ನ್‌ನಲ್ಲಿ ಇಟಲಿಯ ಅರಮನೆ ಕಟ್ಟಿದರು, ಮಸ್ವೆಲ್ ಹಿಲ್‌ನಲ್ಲಿ ಒಂದು ಹೂವಿನ ಅಲಂಕಾರವೂ ಇಲ್ಲದ, ಓಡಿಯನ್ ಅನ್ನುವ ಸರಣಿಯ ಚಿತ್ರಮಂದಿರ ಕಟ್ಟಿದರು. ಕಿಲ್ಬರ್ನ್‌ನ ಗೋಮಾಂಟ್ ಸ್ಟೇಟ್ ತೆರೆದದ್ದು 1937ರ ಡಿಸೆಂಬರ್‌ನಲ್ಲಿ. 4,004 ಸೀಟು, ಮೇಲೆ ನ್ಯೂಯಾರ್ಕಿನ ಗಗನಚುಂಬಿಯ ಮರಿಯಂಥ ಒಂದು ಗೋಪುರ. ನಾಲ್ಕು ಸಾವಿರ ಜನ ಒಂದೇ ಸಲ ನಗುವುದನ್ನು ಊಹಿಸಿಕೊಳ್ಳಿ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಇದನ್ನೆಲ್ಲ ಹೇಗೆ ಕಟ್ಟಿದರು?

ಟೂಟಿಂಗ್‌ನ ಆ ಗೋಥಿಕ್ ಕಮಾನು ಕಲ್ಲಲ್ಲ. ತೊಲೆಗಳ ಹಾಗೆ ಕಾಣುವುದೂ ಮರವಲ್ಲ. ಬಹುಪಾಲು ಪ್ಲಾಸ್ಟರ್. ಅದರ ಕ್ರಮ ಹೀಗೆ. ಕುಶಲ ಕೆಲಸಗಾರ ಮೊದಲು ಒಂದು ಮಾದರಿ ಮಾಡುತ್ತಾನೆ. ಅದರಿಂದ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ತೆಳ್ಳಗೆ ಪ್ಲಾಸ್ಟರ್ ಬಳಿದು, ಅದು ಒಣಗುವ ಮೊದಲು ಅದರ ಮೇಲೆ ಒರಟು ಬಟ್ಟೆ ಹಾಸಿ, ಮರದ ಪಟ್ಟಿ ಕೂರಿಸಿ, ಮತ್ತೆ ಪ್ಲಾಸ್ಟರ್ ಬಳಿಯುತ್ತಾರೆ. ಗಟ್ಟಿಯಾದ ಮೇಲೆ ಬಿಡಿಸಿದರೆ ತೆಳುವಾದ, ಹಗುರವಾದ, ಆದರೆ ಗಟ್ಟಿಯಾದ ತುಂಡು ಸಿಗುತ್ತದೆ. ಒಂದೇ ಅಚ್ಚಿನಿಂದ ಹತ್ತು, ಇಪ್ಪತ್ತು, ನೂರು. ಇವನ್ನೆಲ್ಲ ಲಾರಿಯಲ್ಲಿ ತಂದು ಮೇಲಿನ ಉಕ್ಕಿನ ಚೌಕಟ್ಟಿಗೆ ತೂಗುಹಾಕಿ, ಸಂದು ಮುಚ್ಚಿ, ಬಣ್ಣ ಬಳಿದರೆ ಮುಗಿಯಿತು, ಕಲ್ಲಿನ ಅರಮನೆ ಸಿದ್ಧ. ಆ ಒರಟು ಬಟ್ಟೆ ಯಾವುದು ಗೊತ್ತಾ? ಸೆಣಬಿನದು. ನಮ್ಮ ಗೋಣಿಚೀಲದ ಬಟ್ಟೆ. ಆ ಕಾಲದಲ್ಲಿ ಸೆಣಬು ಬೆಳೆಯುತ್ತಿದ್ದದ್ದು ಬಂಗಾಳದಲ್ಲಿ. ಅಲ್ಲಿಂದ ಹಡಗಿನಲ್ಲಿ ಸ್ಕಾಟ್ಲೆಂಡಿನ ಡಂಡೀ ಗಿರಣಿಗಳಿಗೆ ಹೋಗುತ್ತಿತ್ತು, ಕಲ್ಕತ್ತೆಯ ಗಿರಣಿಗಳಲ್ಲೂ ನೇಯುತ್ತಿದ್ದರು. ಹಾಗಾಗಿ ಇಲ್ಲಿನ ಯಾವುದೇ ಹಳೆಯ ಚಿತ್ರಮಂದಿರದ ಸೂರಿನ ಹಿಂದೆ ಬಂಗಾಳದ ರೈತನ ಬೆವರೂ ಇದೆ ಅಂತ ನನಗೆ ಅನ್ನಿಸುತ್ತದೆ. ಇದು ಯಾವ ಫಲಕದ ಮೇಲೂ ನಾನು ಬರೆದದ್ದು ನೋಡಿಲ್ಲ.

ಈ ಸೂರುಗಳಿಗೆ ವಯಸ್ಸೂ ಆಗಿದೆ. 2013ರ ಡಿಸೆಂಬರ್‌ನಲ್ಲಿ ಶಾಫ್ಟ್ಸ್‌ಬರಿ ಅವೆನ್ಯೂದ ಅಪೊಲೊ ನಾಟಕಶಾಲೆಯಲ್ಲಿ ಆಟ ನಡೆಯುತ್ತಿದ್ದಾಗಲೇ ಸೂರಿನ ಒಂದು ಭಾಗ ಕುಸಿದು ಎಷ್ಟೋ ಜನಕ್ಕೆ ಗಾಯವಾಯಿತು. ಪ್ಲಾಸ್ಟರನ್ನು ಹಿಡಿದಿದ್ದ ಗೋಣಿಬಟ್ಟೆಯ ಕಟ್ಟುಗಳು ಕಾಲ ಕಳೆದಂತೆ ಬಲ ಕಳೆದುಕೊಂಡಿದ್ದವು. ಅಲ್ಲಿಂದ ಮುಂದೆ ಇಂಥ ಸೂರುಗಳ ತಪಾಸಣೆ ಬಿಗಿಯಾಯಿತು. ಚಿತ್ರಮಂದಿರ ಉಳಿಸುವುದು ಅಂದರೆ ಬಣ್ಣ ಬಳಿಯುವುದಲ್ಲ. ಯಾರೋ ಒಬ್ಬರು ಟಾರ್ಚ್ ಹಿಡಿದು ಸೂರಿನ ಮೇಲಿನ ಕತ್ತಲಲ್ಲಿ ಬಗ್ಗಿ ನಡೆದು, ಒಂದೊಂದು ಕಟ್ಟನ್ನೂ ಮುಟ್ಟಿ ನೋಡಬೇಕು.

ಇನ್ನೊಂದು ಗುಟ್ಟು ಬಾಲ್ಕನಿಯದು. ಹಳೆಯ ನಾಟಕಶಾಲೆಗಳಲ್ಲಿ ಬಾಲ್ಕನಿಗೆ ಕಂಬ ಇರುತ್ತಿತ್ತು. ಕಂಬದ ಹಿಂದೆ ಕೂತವರ ಗತಿ ಗೊತ್ತಲ್ವಾ, ಕತ್ತು ಓರೆ ಮಾಡಿಕೊಂಡೇ ಪೂರ್ತಿ ಆಟ ನೋಡಬೇಕು. ಉಕ್ಕಿನ ದೊಡ್ಡ ತೊಲೆ ಬಂದ ಮೇಲೆ ಬಾಲ್ಕನಿಯನ್ನು ಕಂಬವಿಲ್ಲದೆ ಮುಂದಕ್ಕೆ ಚಾಚಬಹುದಾಯಿತು. ಸಾವಿರಾರು ಜನ ತಲೆಯ ಮೇಲೆ ಕೂತಿದ್ದರೂ ಕೆಳಗಿನವರಿಗೆ ತೆರೆ ಅಡ್ಡವಿಲ್ಲದೆ ಕಾಣುತ್ತದೆ. ಬೆಲೆಯ ಲೆಕ್ಕ ನಮ್ಮ ಕಡೆಯದೇ: ಮುಂದಿನ ಸಾಲು ಅಗ್ಗ, ಬಾಲ್ಕನಿ ದುಬಾರಿ. ನಾವು ಗಾಂಧಿ ಕ್ಲಾಸ್ ಅಂದದ್ದಕ್ಕೆ ಇಲ್ಲಿನವರ ಹೆಸರು ಬೇರೆ, ಅಷ್ಟೇ.

ಆಮೇಲೆ ಬೆಳಕು. ದೀಪ ಕಾಣಬಾರದು, ಬೆಳಕು ಮಾತ್ರ ಕಾಣಬೇಕು ಅನ್ನುವುದು ಮೂವತ್ತರ ದಶಕದ ಕಟ್ಟಡಗಳ ಹಟ. ಪ್ಲಾಸ್ಟರಿನ ಅಂಚುಗಳ ಹಿಂದೆ ಕೆಂಪು, ನೀಲಿ, ಹಸಿರು ದೀಪಗಳನ್ನು ಬಚ್ಚಿಡುತ್ತಿದ್ದರು. ಸಿನಿಮಾ ಶುರುವಾಗುವ ಮುಂಚೆ ಆಪರೇಟರ್ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದರೆ ಇಡೀ ಸೂರು ಕೆಂಪಿನಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ಮೆಲ್ಲಗೆ ಹೊರಳುತ್ತಿತ್ತು. ಆಗಲೇ ತೆರೆಯ ಮುಂದಿನ ನೆಲದೊಳಗಿನಿಂದ ಆರ್ಗನ್ ವಾದ್ಯ ಲಿಫ್ಟಿನ ಮೇಲೆ ಎದ್ದು ಬರುತ್ತಿತ್ತು, ನುಡಿಸುವವರ ಸಮೇತ. ಕಾಂಪ್ಟನ್ ಕಂಪನಿಯ ಆರ್ಗನ್‌ಗಳಿಗೆ ಸುತ್ತ ಗಾಜಿನ ಕವಚ, ಅದರೊಳಗೂ ಬಣ್ಣ ಬದಲಿಸುವ ದೀಪ. ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ 1932ರ ಪ್ಲಾಝಾ ಇದೆ, ಬಂಡೆ ಕೊರೆದು ಅದರೊಳಗೆ ಕೂರಿಸಿದ ಕಟ್ಟಡ. ಅಲ್ಲಿ ಇವತ್ತಿಗೂ ಅದರ ಕಾಂಪ್ಟನ್ ಆರ್ಗನ್ ಕೇಳಬಹುದು. ಆ ವಾದ್ಯ ನೆಲದಿಂದ ಏಳುವ ಕ್ಷಣದಲ್ಲಿ ಜನ ಇನ್ನೂ ಚಪ್ಪಾಳೆ ತಟ್ಟುತ್ತಾರೆ.

ಗಿಲೀಟು, ಕಮಾನು, ಕಾರಂಜಿ ಇದಕ್ಕೆಲ್ಲ ಪೂರ್ತಿ ಬೆನ್ನು ತಿರುಗಿಸಿದವರು ಓಡಿಯನ್‌ನವರು. ಬರ್ಮಿಂಗ್‌ಹ್ಯಾಮ್‌ನ ಆಸ್ಕರ್ ಡಾಯ್ಚ್ 1930ರಲ್ಲಿ ಪೆರಿ ಬಾರ್‌ನಲ್ಲಿ ಮೊದಲ ಓಡಿಯನ್ ತೆರೆದರು. ಏಳೇ ವರ್ಷದಲ್ಲಿ ಅವು ಸುಮಾರು 250 ಆದವು. ಅಷ್ಟು ವೇಗವಾಗಿ ಕಟ್ಟಬೇಕಾದರೆ ಪ್ರತಿ ಊರಿಗೂ ಒಂದು ಸ್ಪೇನ್ ಮಾಡುತ್ತಾ ಕೂರುವುದಕ್ಕೆ ಆಗುವುದಿಲ್ಲ ಅಲ್ವಾ? ಹಾಗಾಗಿ ಹೊರಗಿನ ಮುಖವನ್ನೇ ಗುರುತು ಮಾಡಿಕೊಂಡರು. ಕೆನೆ ಬಣ್ಣದ ಹೊಳೆಯುವ ಹೆಂಚು, ದುಂಡಗೆ ತಿರುಗುವ ಮೂಲೆ, ಎತ್ತರಕ್ಕೆ ನಿಂತ ರೆಕ್ಕೆಯಂಥ ಗೋಡೆ, ಕೆಂಪು ಅಕ್ಷರ. 1935ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಿಂಗ್‌ಸ್ಟ್ಯಾಂಡಿಂಗ್‌ನಲ್ಲಿ ಕಟ್ಟಿದ್ದು ಇದಕ್ಕೆ ದಾರಿ ಹಾಕಿತು. ಹ್ಯಾರಿ ವೀಡನ್ ಅವರ ಕಚೇರಿಯ ಕೆಲಸ, ನಕ್ಷೆ ಬರೆದವರು ಸೆಸಿಲ್ ಕ್ಲೇವರಿಂಗ್, ಆಗ ಅವರಿನ್ನೂ ಇಪ್ಪತ್ತರ ಹರೆಯದವರು. ಹೊಳೆಯುವ ಹೆಂಚಿಗೆ ಒಂದು ಕಾರಣವೂ ಇತ್ತು. ಕಲ್ಲಿದ್ದಲ ಮಸಿ ಕಲ್ಲಿಗೆ ಅಂಟಿದರೆ ಹೋಗುವುದಿಲ್ಲ, ಹೆಂಚನ್ನು ತೊಳೆಯಬಹುದು. ರಾತ್ರಿ ನಿಯಾನ್ ಹಚ್ಚಿದರೆ ಆ ಹೆಂಚು ಬೆಳಕನ್ನು ಹಿಡಿದು ಬೀದಿಗೆ ಎಸೆಯುತ್ತಿತ್ತು. ಹೊಸ ಬಡಾವಣೆಗಳ ಮಣ್ಣು ರಸ್ತೆಯ ಕೊನೆಯಲ್ಲಿ ಹಡಗು ಬಂದು ನಿಂತ ಹಾಗೆ ಕಾಣುತ್ತಿತ್ತಂತೆ.

ಲೆಸ್ಟರ್ ಸ್ಕ್ವೇರ್‌ನ ಓಡಿಯನ್ ನಿಮಗೆ ಗೊತ್ತು. 1937ರ ನವೆಂಬರ್‌ನದು. ಅದಕ್ಕೆ ಮಾತ್ರ ಕಪ್ಪು ಗ್ರಾನೈಟಿನ ಮುಖ. ಒಳಗೆ ಚಿರತೆಯ ಚರ್ಮದ ವಿನ್ಯಾಸದ ಸೀಟುಗಳು, ತೆರೆಯ ಎರಡೂ ಬದಿ ಹಾರುವ ಕನ್ಯೆಯರ ಉಬ್ಬು ಚಿತ್ರ. 1967ರಲ್ಲಿ 'ಆಧುನಿಕ ಮಾಡುತ್ತೇವೆ' ಅಂತ ಹೊರಟು ಒಳಗಿನ ಅಲಂಕಾರವನ್ನು ಕಿತ್ತು ಹಾಕಿದರು. ಇದನ್ನು ಹೇಳುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಕನ್ಯೆಯರನ್ನು ಎಷ್ಟೋ ವರ್ಷದ ಮೇಲೆ ಹೊಸದಾಗಿ ಮಾಡಿ ಕೂರಿಸಿದರು. ಮಸ್ವೆಲ್ ಹಿಲ್‌ನ ಒಳಾಂಗಣ ಅದೃಷ್ಟವಶಾತ್ ಉಳಿದಿದೆ. ಸೂರಿನ ನಟ್ಟನಡುವೆ ಬೆಳಕಿನ ಒಂದು ಪಟ್ಟಿ ಹಿಂದಿನಿಂದ ತೆರೆಯವರೆಗೂ ಹರಿಯುತ್ತದೆ, ಪ್ರೊಜೆಕ್ಟರಿನಿಂದ ಬಿಚ್ಚಿಕೊಂಡ ಫಿಲಂ ರೀಲಿನ ಹಾಗೆ. ಒಂದು ಹೂವಿಲ್ಲ, ಒಂದು ಬಳ್ಳಿ ಇಲ್ಲ, ಆದರೂ ಕಣ್ಣು ತಾನಾಗಿ ತೆರೆಯ ಕಡೆಗೇ ಹೋಗುತ್ತದೆ.

ಆಮೇಲೆ ಇಳಿತ ಶುರುವಾಯಿತು. 1946ರಲ್ಲಿ ಬ್ರಿಟನ್ನಿನಲ್ಲಿ 163 ಕೋಟಿಗೂ ಜಾಸ್ತಿ ಟಿಕೆಟ್ ಮಾರಾಟವಾಗಿದ್ದವು. 1984ರಲ್ಲಿ ಸುಮಾರು 5.4 ಕೋಟಿ. ಮನೆಮನೆಗೆ ಟಿವಿ ಬಂದಿತ್ತು. ಟೂಟಿಂಗ್ ಕಟ್ಟಿಸಿದ ಬರ್ನ್‌ಸ್ಟೀನ್ ಅವರೇ ಗ್ರನಾಡಾ ಟೆಲಿವಿಷನ್ ಶುರುಮಾಡಿದವರು, 1956ರಲ್ಲಿ ಪ್ರಸಾರ ಆರಂಭವಾಯಿತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಅವರಿಗೆ ಗೊತ್ತಿತ್ತು. ಎಷ್ಟೋ ಚಿತ್ರಮಂದಿರ ನೆಲಸಮವಾದವು. ಉಳಿದ ಕೆಲವನ್ನು ಮೂರು ಪಾಲು ಮಾಡಿದರು, ಬಾಲ್ಕನಿಯಲ್ಲಿ ಒಂದು ತೆರೆ, ಬಾಲ್ಕನಿಯ ಕೆಳಗೆ ಗೋಡೆ ಎಬ್ಬಿಸಿ ಎರಡು. ಟೂಟಿಂಗ್‌ನಲ್ಲಿ ಸಿನಿಮಾ ನಿಂತದ್ದು 1973ರಲ್ಲಿ.

ಹಾಗಾದರೆ ಉಳಿಸಿದವರು ಯಾರು? ಕಟ್ಟಡಪ್ರೇಮಿಗಳು ಹೋರಾಡಿದರು, ನಿಜ. ಸಿನಿಮಾ ಥಿಯೇಟರ್ ಅಸೋಸಿಯೇಷನ್ 1967ರಲ್ಲೇ ಹುಟ್ಟಿತ್ತು. ಟೂಟಿಂಗ್ 1972ರಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿತು, 2000ದಲ್ಲಿ ಅದಕ್ಕೆ ಮೊದಲ ದರ್ಜೆ ಸಿಕ್ಕಿತು, ಸಿನಿಮಾಕ್ಕೆಂದು ಕಟ್ಟಿದ ಬೇರೆ ಯಾವ ಕಟ್ಟಡಕ್ಕೂ ಅದಕ್ಕಿಂತ ಮೊದಲು ಆ ಮರ್ಯಾದೆ ಸಿಕ್ಕಿರಲಿಲ್ಲ. ಆದರೆ ಕಾಗದದ ಮೇಲಿನ ಪಟ್ಟಿ ಸೋರುವ ಮಾಡನ್ನು ರಿಪೇರಿ ಮಾಡುವುದಿಲ್ಲ. ಅದನ್ನು ಮಾಡಿಸಿದ್ದು ಅಲ್ಲಿಗೆ ದಿನಾ ಬರುವ ಜನ. 1960ರ ಕಾನೂನು ಬಿಂಗೊ ಆಟಕ್ಕೆ ದಾರಿ ಬಿಟ್ಟಿತು, ಟೂಟಿಂಗ್‌ನಲ್ಲಿ 1976ರಿಂದ ಬಿಂಗೊ. ಬಿಂಗೊಗೆ ದೊಡ್ಡ ಹಾಲ್ ಹಾಗೆಯೇ ಬೇಕು, ಸೀಳುವ ಹಾಗಿಲ್ಲ. ಚರ್ಚುಗಳಿಗೂ ಅಷ್ಟೇ. ಕಿಲ್ಬರ್ನ್ ಈಗ ಚರ್ಚ್, ಕಾರ್ಲ್‌ಟನ್ ಚರ್ಚ್, ಫಿನ್ಸ್‌ಬರಿ ಪಾರ್ಕ್ ಕೂಡ ಚರ್ಚ್. ಅದಕ್ಕೂ ಮೊದಲು ಅದು ರಾಕ್ ಸಂಗೀತದ ಜಾಗ, 1967ರಲ್ಲಿ ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಮೊದಲ ಸಲ ಬೆಂಕಿ ಇಟ್ಟದ್ದು ಆ ನಕ್ಷತ್ರಗಳ ಕೆಳಗೆ. 'ಅಯ್ಯೋ, ಇಂಥ ಕಟ್ಟಡದಲ್ಲಿ ಬಿಂಗೊನಾ' ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಕಟ್ಟಿದ್ದೇ ಈ ಜನಕ್ಕೆ.

ನಮ್ಮ ದೇಶದವರೂ ಈ ಕಥೆಯಲ್ಲಿದ್ದಾರೆ. ಕೋಲ್ಸ್ ಅವರ ಸೌತಾಲ್ ಪಗೋಡ ಅಂದೆನಲ್ಲ, ಅದು 1929ರದು. ಮಾಡಿನ ಮೇಲೆ ಡ್ರ್ಯಾಗನ್‌ಗಳು, ಕೆಂಪು ಹೆಂಚು. ಬ್ರಿಟನ್ನಿನಲ್ಲಿ ಚೀನೀ ಶೈಲಿಯ ಚಿತ್ರಮಂದಿರ ಅಂತ ಉಳಿದಿರುವುದು ಅದೊಂದೇ. ಪಂಜಾಬಿನಿಂದ ಬಂದ ಕುಟುಂಬಗಳು ಸೌತಾಲ್‌ನಲ್ಲಿ ನೆಲೆಸಿದ ಮೇಲೆ ಅಲ್ಲಿ ಹಿಂದಿ ಸಿನಿಮಾ ಬಂತು, ಆಗ ಅದರ ಹೆಸರು ಲಿಬರ್ಟಿ. ನಡುವೆ ಅಲ್ಲಿ ಸಂತೆ ನಡೆಯಿತು. 2001ರಲ್ಲಿ ಹಿಮಾಲಯ ಪ್ಯಾಲೇಸ್ ಅನ್ನುವ ಹೆಸರಿನಲ್ಲಿ ಮತ್ತೆ ಸಿನಿಮಾ ಶುರುವಾಗಿ 2010ರವರೆಗೆ ನಡೆಯಿತು. ಚೀನೀ ಮಾಡು, ಇಂಗ್ಲಿಷ್ ಕಟ್ಟಡಶಿಲ್ಪಿ, ಹಿಂದಿ ಹಾಡು, ಹೊರಗೆ ಜಿಲೇಬಿ ಅಂಗಡಿ. ಆ ಬೀದಿಯಲ್ಲಿ ನಿಂತಾಗ ನನಗೆ ಯಾವುದೂ ಪರಕೀಯ ಅನ್ನಿಸಲಿಲ್ಲ.

ಕೊನೆಯಲ್ಲಿ ಒಬ್ಬರು ಕೇಳಿದರು: 'ಇವನ್ನೆಲ್ಲ ನಾವು ಹೋಗಿ ನೋಡಬಹುದಾ?' ಖಂಡಿತ. ಪ್ರತಿ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಓಪನ್ ಹೌಸ್ ನಡೆಯುತ್ತದೆ, ಸಾಮಾನ್ಯವಾಗಿ ಮುಚ್ಚಿರುವ ಎಷ್ಟೋ ಕಟ್ಟಡಗಳು ಆಗ ಉಚಿತವಾಗಿ ತೆರೆದಿರುತ್ತವೆ. ವಾಲ್ತಮ್‌ಸ್ಟೋ ಕಡೆ ಇರುವವರಿಗೆ ಇನ್ನೂ ಸುಲಭ. ಮೇಸಿ ಮತ್ತು ಕೊಮಿಸಾರ್ಜೆವ್‌ಸ್ಕಿ ಸೇರಿ 1930ರಲ್ಲಿ ಮಾಡಿದ ಗ್ರನಾಡಾ ಅಲ್ಲೂ ಇದೆ. 2003ರಲ್ಲಿ ಮುಚ್ಚಿತ್ತು. ಊರಿನವರು ವರ್ಷಗಟ್ಟಲೆ ಬಿಡದೆ ಹೋರಾಡಿದರು, 2019ರಲ್ಲಿ ಅಲ್ಲಿನ ಕೌನ್ಸಿಲ್ ಕೊಂಡುಕೊಂಡಿತು, 2025ರ ಮೇ ತಿಂಗಳಲ್ಲಿ ಸೊಹೊ ಥಿಯೇಟರ್ ಆಗಿ ಮತ್ತೆ ಬಾಗಿಲು ತೆರೆಯಿತು. ಟಿಕೆಟ್ ತಗೊಂಡು ಆಟಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ. ಮೊಗಸಾಲೆಯಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಿ. ಮೊಬೈಲ್ ಆಮೇಲೆ ತೆಗೆಯಿರಿ, ಮೊದಲು ತಲೆ ಎತ್ತಿ ಸೂರು ನೋಡಿ.